ಉಪಮೆಯೋ, ರೂಪಕವೋ, ಉತ್ಪ್ರೇಕ್ಷೆಯೋ?

ಈ ಮೂರು ಅಲಂಕಾರಗಳಲ್ಲೇ ನಾವು ಜಾಸ್ತಿ ಎಡವುವುದು. ವ್ಯಾಖ್ಯೆ ಬಾಯಿಪಾಠ ಮಾಡಿದರೂ ಪದ್ಯದ ಸಾಲು ಎದುರಿಗೆ ಬಂದಾಗ ಗೊಂದಲ ಆಗುತ್ತದೆ. ಹಾಗಾಗಿ ಒಂದೇ ಮಾತನ್ನು ಮೂರು ಥರ ಬರೆದು ನೋಡೋಣ.

"ಮಗುವಿನ ಕಣ್ಣು ದೀಪದಂತೆ ಹೊಳೆಯಿತು." ಇದು ಉಪಮೆ. ಕಣ್ಣು ಉಪಮೇಯ (ವರ್ಣಿಸುತ್ತಿರುವ ವಸ್ತು), ದೀಪ ಉಪಮಾನ (ಹೋಲಿಕೆಗೆ ತಂದ ವಸ್ತು), 'ಅಂತೆ' ಉಪಮಾವಾಚಕ (ಹೋಲಿಕೆ ತೋರಿಸುವ ಪದ), ಹೊಳೆಯುವುದು ಸಮಾನಧರ್ಮ (ಎರಡಕ್ಕೂ ಇರುವ ಗುಣ). ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಬಿಟ್ಟುಹೋದರೆ ಲುಪ್ತೋಪಮೆ.

"ಮಗುವಿನ ಕಣ್ಣದೀಪ ಮನೆಯನ್ನೆಲ್ಲ ಬೆಳಗಿತು." ಇಲ್ಲಿ ಹೋಲಿಕೆ ಹೋಯಿತು, ಕಣ್ಣೇ ದೀಪವಾಯಿತು. ಇದು ರೂಪಕ.

"ಮಗುವಿನ ಕಣ್ಣೊಳಗೆ ಯಾರೋ ದೀಪ ಹಚ್ಚಿಟ್ಟಿದ್ದಾರೋ ಎಂಬಂತೆ ಕಂಡಿತು." ಇದು ಉತ್ಪ್ರೇಕ್ಷೆ. ಇಲ್ಲೂ 'ಅಂತೆ' ಇದೆ, ಅಲ್ವಾ? ಅದನ್ನು ನೋಡಿ ಸುಮ್ನೆ ಉಪಮೆ ಎಂದು ಬರೆದುಬಿಡಬೇಡಿ. ಕಣ್ಣೊಳಗೆ ದೀಪ ಹಚ್ಚಿಡುವುದು ನಿಜವಾಗಿ ನಡೆಯದ ಸಂಗತಿ, ಕವಿ ಕಲ್ಪಿಸಿಕೊಂಡದ್ದು. 'ಅಂತೆ' ಕಂಡ ಕೂಡಲೇ ಅದರ ಹಿಂದೆ ಇರುವುದು ನಿಜವಾದ ವಸ್ತುವೋ, ಕಲ್ಪನೆಯೋ ಎಂದು ನೋಡಿ.

ಶ್ಲೇಷೆ, ಯಮಕ ಅಷ್ಟು ಕಷ್ಟವಿಲ್ಲ. ಒಂದೇ ಪದ ಒಮ್ಮೆ ಬಂದು ಎರಡು ಅರ್ಥ ಕೊಟ್ಟರೆ ಶ್ಲೇಷೆ. ಅದೇ ಅಕ್ಷರಗಳು ಮತ್ತೆ ಬಂದು ಬೇರೆ ಅರ್ಥ ಕೊಟ್ಟರೆ ಯಮಕ. "ಕಾಡು ಬಿಟ್ಟು ಬಂದರೂ ನೆನಪು ಕಾಡುತ್ತದೆ" ಎನ್ನುವಾಗ 'ಕಾಡು' ಎರಡು ಸಲ ಬಂತು, ಅರ್ಥ ಬೇರೆ ಬೇರೆ.

ಇನ್ನು ಛಂದಸ್ಸು, ಅಂದರೆ ಪದ್ಯದ ಲಯದ ಲೆಕ್ಕ. ನನಗೆ ತುಂಬಾ ಇಷ್ಟವಾದ ಭಾಗ ಇದು. ಅಕ್ಷರ ಹೇಳಲು ಬೇಕಾದ ಕಾಲದ ಅಳತೆಯೇ ಮಾತ್ರೆ. ಲಘುವಿಗೆ, ಅಂದರೆ ಚಿಕ್ಕದಾಗಿ ಹೇಳುವ ಅಕ್ಷರಕ್ಕೆ 1 ಮಾತ್ರೆ, ಗುರುವಿಗೆ, ಅಂದರೆ ಅದರ ಎರಡರಷ್ಟು ಕಾಲ ಹಿಡಿಯುವ ಅಕ್ಷರಕ್ಕೆ 2. ಕುಮಾರವ್ಯಾಸನ ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯದ ಮಟ್ಟದಲ್ಲಿ ಮೊದಲ ಮೂರು ಸಾಲು ಕಟ್ಟಿದ್ದೇನೆ, ಜೋರಾಗಿ ಓದಿ:

ಮಳೆಯ ಹನಿಗಳು ಬಿದ್ದು ಮಣ್ಣಲಿ
ಇಳೆಯ ಒಡಲಿಗೆ ತಂಪು ತಂದವು
ಬೆಳೆಯು ನಗುತಿರೆ ಹೊಲದ ತುಂಬಾ ಹಸಿರು ಹಬ್ಬಿತಲಾ

ಮೊದಲೆರಡು ಸಾಲು 3, 4, 3, 4, ಒಟ್ಟು 14 ಮಾತ್ರೆ. ಮೂರನೆಯದರಲ್ಲಿ 3, 4 ಮೂರು ಸಲ ಬಂದು, ಕೊನೆಗೆ 'ಲಾ' ಎಂಬ ಒಂದು ಗುರು, ಒಟ್ಟು 23. ನಾಲ್ಕು, ಐದನೇ ಸಾಲು ಮೊದಲಿನ ಹಾಗೆ, ಆರನೆಯದು ಮೂರನೆಯದರ ಹಾಗೆ.

'ಮಣ್ಣಲಿ' ಎಂಬಲ್ಲಿ ಗುರು ಯಾವುದು? ತುಂಬಾ ಜನ ಒತ್ತಕ್ಷರದ ಮೇಲೇ ಗುರುತು ಹಾಕುತ್ತಾರೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಹಾಗಾಗಿ 'ಮ' ಗುರು, 'ಣ್ಣ' ಲಘು, 'ಲಿ' ಲಘು. 'ತಂಪು' ಪದದಲ್ಲಿ ಸೊನ್ನೆ ಇರುವುದರಿಂದ 'ತಂ' ಗುರು.

ಪ್ರಾಸ ಎಂದರೆ ಸಾಲಿನ ಕೊನೆ ನೋಡುವ ಅಭ್ಯಾಸ ನಮಗಿದೆ. ಅದು ಅಂತ್ಯಪ್ರಾಸ. ಹಳೆಯ ಕನ್ನಡ ಕಾವ್ಯದಲ್ಲಿ ಪ್ರಾಸ ಇರುವುದು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ಮಳೆ, ಇಳೆ, ಬೆಳೆ: ಮೂರರಲ್ಲೂ 'ಳ'. ವ್ಯಂಜನ ಒಂದೇ ಆದರೆ ಸಾಕು, ಸ್ವರ ಬದಲಾಗಬಹುದು. ನಾಲ್ಕನೇ ಸಾಲನ್ನು 'ಎಳೆಯ' ಎಂದೋ 'ಒಳಗೆ' ಎಂದೋ ಶುರು ಮಾಡಬಹುದು. 'ಬಾಳು' ಎಂದು ಮಾಡುವ ಹಾಗಿಲ್ಲ, ಏಕೆಂದರೆ ಉಳಿದ ಸಾಲುಗಳ ಮೊದಲಕ್ಷರ ಹ್ರಸ್ವ, 'ಬಾ' ದೀರ್ಘ.