ಓದುಗರ ಪ್ರಶ್ನೆ: ‘ಮೆಕೆಂಜಿ’ ಅಂದರೆ ಏನು ಅರ್ಥ?

ಪ್ರಶ್ನೆ: ಕೈಫಿಯತ್ತುಗಳನ್ನು, ಅಂದರೆ ಊರೂರಿನ ಚರಿತ್ರೆ ಹೇಳುವ ಬರಹಗಳನ್ನು, ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ನಮಗೆ ಗೊತ್ತು. ಆದರೆ ಮೆಕೆಂಜಿ ಅನ್ನುವುದು ಊರಿನ ಹೆಸರೋ, ಅಪ್ಪನ ಹೆಸರೋ?

ಉತ್ತರ: ಊರಿನ ಹೆಸರಲ್ಲ. ಅದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಮನೆತನದ ಹೆಸರು, ಮೂಲ ರೂಪ ‘ಮಾಕ್ ಕೊನ್ಯಿಖ್’. ಮಾಕ್ ಅಂದರೆ ಮಗ. ಒಟ್ಟು ಅರ್ಥ ‘ಕೊನ್ಯಖ್‌ನ ಮಗ’. ಈ ಕೊನ್ಯಖ್ ಇಂಗ್ಲಿಷಿನಲ್ಲಿ ಕೆನ್ನೆತ್ ಆಗಿದ್ದಾನೆ. ಚೆಲುವ, ಲಕ್ಷಣವಾಗಿರುವವನು ಅನ್ನುವ ಅರ್ಥ ಆ ಹೆಸರಿಗಿದೆ. ಇದು ತುಂಬಾ ಹಳೆಯ ಹೆಸರು. ಐರ್ಲೆಂಡಿನ ಕಿಲ್ಕೆನ್ನಿ ಊರಿಗೆ ಹೆಸರು ಬಂದದ್ದೂ ಇದೇ ಹೆಸರಿನ 6ನೇ ಶತಮಾನದ ಒಬ್ಬ ಸಂತನಿಂದ.

ಹಾಗಾದರೆ ನಡುವೆ ‘ಜ’ ಎಲ್ಲಿಂದ ಬಂತು? ಗೇಲಿಕ್ ಹೆಸರಿನಲ್ಲಿ ಆ ಸದ್ದೇ ಇಲ್ಲ ಅಲ್ವಾ? ನನಗೆ ಜಾಸ್ತಿ ಇಷ್ಟವಾದ ಸಂಗತಿ ಇದು. ಹಳೆಯ ಸ್ಕಾಟ್ಸ್ ಬರಹದಲ್ಲಿ ‘ಯೋಖ್’ ಎಂಬ ಅಕ್ಷರ ಇತ್ತು. ಇಂಥ ಹೆಸರುಗಳಲ್ಲಿ ಅದು ‘ಯ’ಕಾರವನ್ನು ತೋರಿಸುತ್ತಿತ್ತು. ನೋಡಲು ಬಾಲವಿರುವ ಝಡ್‌ನಂತೆ ಇತ್ತು. ಅಚ್ಚುಮನೆಗಳಲ್ಲಿ ಆ ಅಕ್ಷರದ ಮೊಳೆ ಇರಲಿಲ್ಲ, ಹಾಗಾಗಿ ಅದರ ಜಾಗದಲ್ಲಿ ಝಡ್ ಕೂರಿಸಿದರು. ಓದುವವರು ಕಂಡದ್ದನ್ನೇ ಓದಿದರು. ‘ಮಕೆನ್ಯಿ’ಯಂತೆ ಕೇಳುತ್ತಿದ್ದ ಹೆಸರು ನಿಧಾನವಾಗಿ ಮೆಕೆಂಜಿ ಆಯಿತು. ನಾವು ಕನ್ನಡದಲ್ಲಿ ‘ಜಿ’ ಬರೆಯುವುದಕ್ಕೂ ಮೂಲ ಕಾರಣ ಆ ಇಲ್ಲದ ಮೊಳೆಯೇ! ಮೆಂಜೀಸ್ ಎಂಬ ಇನ್ನೊಂದು ಹೆಸರಿಗೂ ಇದೇ ಆಗಿದೆ. ಆದರೆ ಅದನ್ನು ಸ್ಕಾಟ್ಲೆಂಡಿನಲ್ಲಿ ಈಗಲೂ ‘ಮಿಂಗಿಸ್’ ಎಂದು ಹಳೆಯ ರೀತಿಯಲ್ಲಿ ಕರೆಯುವವರಿದ್ದಾರೆ.

ಕರ್ನಲ್ ಮೆಕೆಂಜಿಯ ಅಪ್ಪನ ಹೆಸರು ಕೆನ್ನೆತ್ ಅಲ್ಲ, ಮರ್ಡಾಕ್. ಮೊದಲು ಇಂಥ ಹೆಸರು ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಆಮೇಲೆ ಇಡೀ ಕುಲಕ್ಕೆ ಒಂದೇ ಹೆಸರು ನಿಂತಿತು. ಕುಲದ ನಾಯಕನ ಆಶ್ರಯದಲ್ಲಿ ಬದುಕಿದ ಒಕ್ಕಲುಗಳೂ ಅದೇ ಹೆಸರು ಹಾಕಿಕೊಂಡರು. ಹಾಗಾಗಿ ಎಲ್ಲ ಮೆಕೆಂಜಿಗಳೂ ಒಂದೇ ರಕ್ತದವರು ಅಂತ ಸುಮ್ನೆ ಹೇಳಿಬಿಡುವಂತಿಲ್ಲ.

ಈ ಕುಲದ ಮೂಲ ನೆಲೆ ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯ ಕಿನ್‌ಟೇಲ್. 1610ರಲ್ಲಿ ಅವರು ಲೂಯಿಸ್ ದ್ವೀಪವನ್ನು ತಮ್ಮದಾಗಿಸಿಕೊಂಡರು. ಆ ದ್ವೀಪದ ಸ್ಟಾರ್ನೋವೇ ಪಟ್ಟಣದಲ್ಲೇ 1754ರಲ್ಲಿ ಕಾಲಿನ್ ಹುಟ್ಟಿದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು.

ಇನ್ನೊಂದು ಮಾತು. ಗೇಲಿಕ್‌ನಲ್ಲಿ ಹೆಣ್ಣುಮಕ್ಕಳು ‘ಮಾಕ್’ ಹಾಕಿಕೊಳ್ಳುವುದಿಲ್ಲ. ಅವರದು ‘ನಿಕ್ ಕೊನ್ಯಿಖ್’. ಇಂಗ್ಲಿಷಿಗೆ ಬಂದಾಗ ಆ ವ್ಯತ್ಯಾಸ ಅಳಿಸಿಹೋಗುತ್ತದೆ, ಮಗಳೂ ‘ಮಗ’ನ ಹೆಸರಲ್ಲೇ ಮೆಕೆಂಜಿ ಆಗುತ್ತಾಳೆ.