ಮದ್ದು ತಡವಾಗುವುದಿಲ್ಲ, ಅರ್ಜಿ ತಡವಾಗುತ್ತದೆ

‘ನಾನು ಮಹಾ ಸೋಮಾರಿ, ಯಾವುದನ್ನೂ ಹೊತ್ತಿಗೆ ಸರಿಯಾಗಿ ಮಾಡುವವನಲ್ಲ’ ಎನ್ನುತ್ತಾ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರು ಆಪ್ತ ಸಮಾಲೋಚನೆಗೆ ಬಂದಾಗ ನಾನು ಮೊದಲು ತೋಟದ ವಿಚಾರ ಕೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ಮೈಲುತುತ್ತು, ಸುಣ್ಣ ತಂದಿಟ್ಟು, 100 ಲೀಟರ್ ನೀರಿಗೆ ತಲಾ 1 ಕಿಲೋ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿ, ಸಿಗದ ಆಳುಗಳನ್ನು ಹೇಗೋ ಹೊಂದಿಸಿ ಕೊಳೆರೋಗಕ್ಕೆ ಮದ್ದು ಬಿಡಿಸಿರುತ್ತಾರೆ. 40–45 ದಿನಕ್ಕೆ ಎರಡನೆಯ ಸುತ್ತಿಗೂ ಅಣಿಯಾಗಿರುತ್ತಾರೆ. ಇವರನ್ನು ಸೋಮಾರಿಗಳೆಂದು ನಾನು ಒಪ್ಪುವುದಿಲ್ಲ.

ಅದೇ ಮನೆಯಲ್ಲಿ, ತೀರಿಹೋದ ತಂದೆಯ ಹೆಸರಿನ ಜಾಗವನ್ನು ತಮ್ಮ ಹೆಸರಿಗೆ ಮಾಡಿಸುವ ಅರ್ಜಿ ವರ್ಷಗಟ್ಟಲೆ ಕಪಾಟಿನಲ್ಲಿರುತ್ತದೆ. ಮದ್ದಿಗೆ ಮಳೆಯೇ ಗಡುವು. ಕೆಲಸದ ಕ್ರಮವೂ ಕೈಗೆ ಗೊತ್ತು. ಅರ್ಜಿಗೆ ಗಡುವಿಲ್ಲ. ಮೇಲಾಗಿ ಮಲಯಾಳದ ನಮೂನೆ ಓದಲಾರದ ನಾಚಿಕೆ, ವಿಲೇಜ್ ಕಚೇರಿಯಲ್ಲಿ ನಾಲ್ಕು ಜನರೆದುರು ತಪ್ಪಾದೀತೆಂಬ ಅಳುಕು, ಅಣ್ಣತಮ್ಮಂದಿರ ಪಾಲಿನ ಮಾತು ಮತ್ತೆ ಎದ್ದೀತೆಂಬ ಕಸಿವಿಸಿ. ಕಾಗದ ಕೈಗೆತ್ತಿಕೊಂಡರೆ ಇವೆಲ್ಲ ಒಟ್ಟಿಗೆ ಮೇಲೇಳುತ್ತವೆ; ‘ನಾಳೆ ನೋಡೋಣ’ ಎಂದು ಒಳಗಿಟ್ಟರೆ ಆ ಕ್ಷಣಕ್ಕೆ ಹಗುರ. ಆ ಹಗುರದ ರುಚಿ ಹತ್ತಿದ ಮನಸ್ಸು ಮುಂದಿನ ಸಲವೂ ಹಾಗೆಯೇ ಮಾಡುತ್ತದೆ. ಮುಂದೂಡುವುದು ಸಮಯ ಹೊಂದಿಸಲಾಗದ ದೋಷಕ್ಕಿಂತ ಹೆಚ್ಚಾಗಿ ಬೇಡದ ಭಾವನೆಯಿಂದ ತಪ್ಪಿಸಿಕೊಳ್ಳುವ ದಾರಿ ಎಂದು ಮನೋವಿಜ್ಞಾನಿಗಳಾದ ಫುಶಿಯಾ ಸಿರೋಯ್ ಮತ್ತು ತಿಮೊತಿ ಪಿಚಿಲ್ 2013ರಲ್ಲಿ ವಾದಿಸಿದರು. ನಾನು ಕಂಡದ್ದೂ ಅದನ್ನೇ.

ಹಾಗಾಗಿ ತಡೆಯುತ್ತಿರುವುದು ಯಾವ ಭಾವನೆ ಎಂದು ಮೊದಲು ಗುರುತಿಸಬೇಕು. ಭಾಷೆಯ ಅಳುಕೇ ಆಗಿದ್ದರೆ ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ಪಾಲಿನ ಮಾತೇ ಕಾರಣವಾದರೆ ಅರ್ಜಿಗಿಂತ ಮುಂಚೆ ತಮ್ಮನಿಗೆ ಒಂದು ಫೋನ್ ಮಾಡಬೇಕು. ಆಮೇಲೆ ಕೆಲಸದ ಮೊದಲ ತುಂಡಿಗೆ ಹೊತ್ತು ಗೊತ್ತುಮಾಡಿ. ‘ಈ ವಾರ ಮಾಡುತ್ತೇನೆ’ ಎಂದರೆ ಸಾಲದು. ‘ಸೋಮವಾರ ಹಾಲು ಕೊಟ್ಟು ಬಂದೊಡನೆ ಭೂತೆರಿಗೆ ರಶೀದಿ ಹುಡುಕಿ ಮೇಜಿನ ಮೇಲಿಡುತ್ತೇನೆ’ ಎನ್ನಬೇಕು. ಹೀಗೆ ‘ಇದಾದೊಡನೆ ಅದು’ ಎಂದು ಕಟ್ಟಿಕೊಂಡ ನಿರ್ಧಾರ ಬರಿಯ ಸಂಕಲ್ಪಕ್ಕಿಂತ ಹೆಚ್ಚು ನೆರವೇರುತ್ತದೆ ಎಂಬುದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರ ಅಧ್ಯಯನಗಳ ಸಾರ.

ಲೋಕಸೇವಾ ಆಯೋಗದ ಪರೀಕ್ಷೆಗೆ ಓದುವ ನಮ್ಮ ಮಕ್ಕಳ ತೊಂದರೆ ಸ್ವಲ್ಪ ಬೇರೆ. ಒಂದು ದಿನ ಓದು ತಪ್ಪಿದರೆ ‘ನನ್ನಿಂದಾಗದು’ ಎಂದು ವಾರವಿಡೀ ಪುಸ್ತಕ ಮುಟ್ಟುವುದಿಲ್ಲ. ಅವರಿಗೆ ನಾನು ಹೇಳುವ ಎರಡು ಸಂಗತಿಗಳಿವೆ. ಮೊದಲ ಪರೀಕ್ಷೆಗೆ ಓದದೆ ಕಾಲ ತಳ್ಳಿದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು ಎಂದು 2010ರಲ್ಲಿ ಕೆನಡಾದ ಅಧ್ಯಯನವೊಂದು ಕಂಡುಕೊಂಡಿತು. ಅದೇ ವರ್ಷ ಪ್ರಕಟವಾದ ಲಂಡನ್ನಿನ ಇನ್ನೊಂದು ಅಧ್ಯಯನದ ಪ್ರಕಾರ ಅಭ್ಯಾಸವೊಂದು ಊರಲು ವ್ಯಕ್ತಿಯನ್ನು ಅವಲಂಬಿಸಿ 18ರಿಂದ 254 ದಿನ ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದೇನೂ ಕುಸಿಯುವುದಿಲ್ಲ. 21 ದಿನದಲ್ಲಿ ಅಭ್ಯಾಸ ಊರುತ್ತದೆ ಎಂಬ ಸೂತ್ರವನ್ನು ದಯವಿಟ್ಟು ನಂಬಬೇಡಿ. 22ನೆಯ ದಿನ ಸುಮ್ಮನೆ ಎದೆಗುಂದುತ್ತೀರಿ.

ಮನೆಯ ಹಿರಿಯರಲ್ಲಿ ಒಂದು ಬೇಡಿಕೆ. ಮಗನೋ ಮಗಳೋ ಇಷ್ಟದ ಕೆಲಸಕ್ಕೂ ಏಳಲಾರದೆ, ನಿದ್ದೆ ಊಟ ಕೆಟ್ಟು ಎರಡು ವಾರ ಕಳೆದಿದ್ದರೆ ಶಿಸ್ತಿನ ಪಾಠ ಹೇಳಬೇಡಿ. ಅದು ಖಿನ್ನತೆಯಿರಬಹುದು. ವೈದ್ಯರ ಬಳಿ ಕರೆದೊಯ್ಯಿರಿ, ಇಲ್ಲವೇ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಇಂದೇ ಕರೆ ಮಾಡಿ.