‘ಸಾಧು ಕುದುರೆ’ ಅಂತ ಮಾರುವವರು ಹೇಳಿದರೆ ನಂಬಬಹುದಾ?

ಪ್ರಶ್ನೆ: ಆರು ತಿಂಗಳು ಸವಾರಿ ಕಲಿತಿದ್ದೇನೆ. ಈಗ ತೋಟದಲ್ಲಿ ಒಂದು ಕುದುರೆ ಸಾಕುವ ಆಸೆ. ಪಕ್ಕದ ಊರಿನವರೊಬ್ಬರು ಮಾರುತ್ತಿದ್ದಾರೆ. “ಮಗು ಹತ್ತಿದರೂ ಏನೂ ಮಾಡಲ್ಲ” ಅನ್ನುತ್ತಾರೆ. ನಂಬೋದಾ?

ಉತ್ತರ: ಮಾತು ಆಮೇಲೆ, ಮೊದಲು ಕುದುರೆ ನೋಡಿ. ಅದೂ ಜೀನು ಹಾಕುವ ಮುಂಚೆ.

“ನಾನು ಬರುವವರೆಗೆ ಲಾಯದಿಂದ ಆಚೆ ತರಬೇಡಿ” ಅಂತ ಫೋನಿನಲ್ಲೇ ಹೇಳಿ. ಹೋದ ಕೂಡಲೇ ಬೆನ್ನಿನ ಮೇಲೆ, ಹೊಟ್ಟೆಪಟ್ಟಿ ಬರುವ ಜಾಗದಲ್ಲಿ ಕೈಯಾಡಿಸಿ. ಬೆವರಿದೆಯಾ? ಹಾಗಿದ್ದರೆ ಬೆಳಿಗ್ಗೆಯೇ ಓಡಿಸಿ ಸುಸ್ತು ಮಾಡಿರಬಹುದು. ಸುಸ್ತಾದ ಕುದುರೆ ಎಲ್ಲವೂ ಸಾಧುವೇ! ನಾನು ಕೊಂಡ ಮೊದಲ ಕುದುರೆ ಹಾಗೇ ಇತ್ತು. ಮನೆಗೆ ಬಂದು ಎರಡು ದಿನ ಹುರುಳಿ ತಿಂದ ಮೇಲೆ ಅದರ ನಿಜವಾದ ಗುಣ ಗೊತ್ತಾಯಿತು. ತಲೆ ಇಳಿಬಿಟ್ಟು, ಕೆಳತುಟಿ ಜೋತುಹಾಕಿ ತೂಕಡಿಸುತ್ತಿದ್ದರೂ ಸ್ವಲ್ಪ ಅನುಮಾನ ಇರಲಿ. ಮಂಪರಿನ ಔಷಧ ಕೊಟ್ಟಿರಬಹುದು. ಅದಕ್ಕೇ ಇನ್ನೊಂದು ದಿನ, ಹೇಳದೆ ಕೇಳದೆ ಮತ್ತೆ ಹೋಗಿ ನೋಡಿ.

ಆಮೇಲೆ ದಿನನಿತ್ಯದ ಕೆಲಸಗಳನ್ನು ನಿಮ್ಮ ಮುಂದೆಯೇ ಮಾಡಿಸಿ. ನಾಲ್ಕೂ ಗೊರಸು ಎತ್ತಿಸಿ. ಕಿವಿ ಮುಟ್ಟಲು ಬಿಡುತ್ತದಾ, ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದಾ ನೋಡಿ. ಜೊತೆಯ ಕುದುರೆಗಳನ್ನು ಬಿಟ್ಟು ಒಂದೇ ರಸ್ತೆಗೆ ಬರಲಿ. ಬೈಕು, ನಾಯಿ, ಗಾಳಿಗೆ ಹಾರುವ ಪ್ಲಾಸ್ಟಿಕ್ ಕಂಡು ಬೆಚ್ಚಿದರೆ ತಪ್ಪೇನಿಲ್ಲ, ಕುದುರೆ ಅಂದಮೇಲೆ ಬೆಚ್ಚುತ್ತದೆ. ಬೆಚ್ಚಿದ ಮೇಲೆ ನಿಂತು ನೋಡುತ್ತದಾ, ಕಿತ್ತುಕೊಂಡು ಓಡುತ್ತದಾ, ಅದು ಮುಖ್ಯ. ಮೊದಲು ಮಾರುವವರೇ ಹತ್ತಲಿ. ಅವರೇ ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಲ್ವಾ? ಗಟ್ಟಿ ನೆಲದ ಮೇಲೆ ನಿಧಾನವಾಗಿ ಓಡಿಸುವುದನ್ನೂ ನೋಡಿ. ಒಂದು ಮುಂಗಾಲು ಊರಿದಾಗೆಲ್ಲ ತಲೆ ಮೇಲೇಳುತ್ತಿದ್ದರೆ ಆ ಕಾಲಿನಲ್ಲಿ ನೋವಿದೆ.

ವಯಸ್ಸಿನ ವಿಷಯದಲ್ಲಿ ನಮ್ಮವರು ತಪ್ಪುವುದು ಜಾಸ್ತಿ. ಮೂರು ವರ್ಷದ ಮರಿ ತಂದು ಜೊತೆಜೊತೆಗೇ ಕಲಿಯೋಣ ಅನ್ನುತ್ತಾರೆ. ಬೇಡ. ಇಬ್ಬರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಸುಮಾರು 5 ವರ್ಷಕ್ಕೆ ಕುದುರೆ ಬಾಯಿಗೂಡುತ್ತದೆ, ಅಂದರೆ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲುಗಳೆಲ್ಲ ಬಂದಿರುತ್ತವೆ. 10 ವರ್ಷದ ಹೊತ್ತಿಗೆ ಮೇಲಿನ ಅಂಚಿನ ಬಾಚಿಹಲ್ಲಿನ ಮೇಲೆ, ಒಸಡಿನ ಹತ್ತಿರ ಒಂದು ಗೀರು ಕಾಣಲು ಶುರುವಾಗುತ್ತದೆ. ನಿಮಗೆ ಆ ಗೀರು ಬಂದ ಕುದುರೆಯೇ ಸರಿ. ಬೀಜ ತೆಗೆಸಿದ ಗಂಡಾದರೆ ಇನ್ನೂ ಒಳ್ಳೆಯದು. ಸುಳಿ ನೋಡುವವರು ನೋಡಲಿ, ನಾನಂತೂ ಹಲ್ಲು ಮತ್ತು ಗೊರಸು ನೋಡುತ್ತೇನೆ.

ಬೆಂಗಳೂರು, ಮೈಸೂರಿನ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳು ಕಡಿಮೆ ದುಡ್ಡಿಗೆ ಸಿಗುವುದುಂಟು. ಚೆಂದದ ಪ್ರಾಣಿ, ನಿಜ. ಆದರೆ ಅದು ಕಲಿತದ್ದು ಓಡುವುದನ್ನು. ತಿಳಿದವರು ತಿಂಗಳುಗಟ್ಟಲೆ ಮತ್ತೆ ಪಳಗಿಸದಿದ್ದರೆ ಹೊಸಬರಿಗೆ ಆಗುವುದಿಲ್ಲ. ಕಿವಿಯ ತುದಿ ಒಳಗೆ ಬಾಗಿದ ಮಾರ್ವಾರಿ, ಕಾಠಿಯಾವಾಡಿಗಳು ನಮ್ಮ ಬಿಸಿಲಿಗೆ ಚೆನ್ನಾಗಿ ಹೊಂದುತ್ತವೆ. ಅವುಗಳಲ್ಲೂ ಚುರುಕಿನವೇ ಹೆಚ್ಚು. ತಳಿ ನೋಡಿ ಸಾಧು ಅಂದುಕೊಳ್ಳಬೇಡಿ.

ದುಡ್ಡು ಕೊಡುವ ಮುಂಚೆ ನಿಮ್ಮ ಕಡೆಯ ಪಶುವೈದ್ಯರಿಂದಲೇ ನೋಡಿಸಿ. ರಕ್ತ ತೆಗೆಸಿ ಗ್ಲಾಂಡರ್ಸ್ ಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಅಂಟುವ ರೋಗ, ಬಂದ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ಧನುರ್ವಾಯು ಲಸಿಕೆ ಹಾಕಿಸಿದ್ದಾರಾ ಕೇಳಿ.

ಇನ್ನೊಂದು ಮಾತು, ನೀವು ಕೇಳಿಲ್ಲ. ಗೊರಸು 6ರಿಂದ 8 ವಾರಕ್ಕೊಮ್ಮೆ ಕತ್ತರಿಸಲೇಬೇಕು. ಹಳ್ಳಿಯಲ್ಲಿ ಎತ್ತಿಗೆ ಲಾಳ ಕಟ್ಟುವವರು ಸಿಗಬಹುದು, ಕುದುರೆಗೆ ಕಟ್ಟುವವರು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅಂಥ ಒಬ್ಬರು ನಿಮ್ಮ ತೋಟದವರೆಗೆ ಬರಲು ಒಪ್ಪುವ ತನಕ ಮುಂಗಡ ಕೊಡಬೇಡಿ.